ಸಿದ್ಧ ವಿಮಾನ ಹಾರಿಸುವ ಮುನ್ನ ಅದರ ಮೂತಿ ಬಿಚ್ಚಿ ನೋಡಿ

ರೇಡಿಯೊ ನಿಯಂತ್ರಿತ ವಿಮಾನವನ್ನು ಸಿದ್ಧವಾಗಿಯೇ ಕೊಂಡು ಮಕ್ಕಳ ಕೈಗೆ ಕೊಡಬೇಕೆಂದಿರುವವರು ದಯವಿಟ್ಟು ಇದನ್ನು ಓದಿ.

ನನ್ನ ಅಕ್ಕನ ಮಗನಿಗೆ ಎರಡು ವರ್ಷದಿಂದ ವಿಮಾನದ ಹುಚ್ಚು. ಬಾಲ್ಸಾ ಮರದ ಹಾಳೆಗಳನ್ನು ತರಿಸಿ ಇಬ್ಬರೂ ಕೂತು ಕಟ್ಟೋಣ ಎಂಬುದು ಅವನ ಆಸೆ. ನನಗೆ ಬಿಡುವಿರಲಿಲ್ಲ. ಮೋಟಾರು, ರೆಕ್ಕೆ-ಬಾಲದ ಪಟ್ಟಿಗಳನ್ನು ಆಡಿಸುವ ಸರ್ವೊ, ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಎಲ್ಲವನ್ನೂ ಕೂರಿಸಿದ ಒಂದೂವರೆ ಕಿಲೊ ತೂಕದ ವಿಮಾನವನ್ನು ಆನ್‌ಲೈನ್ ಮಾರಾಟಗಾರನೊಬ್ಬನಿಂದ 17 ಸಾವಿರ ಕೊಟ್ಟು ತರಿಸಿದೆ. ‘ಬ್ಯಾಟರಿ ಹಾಕಿ, ಹಾರಿಸಿ, ಬೇರೇನೂ ನೋಡಬೇಕಿಲ್ಲ’ ಎಂದು ಫೋನಿನಲ್ಲಿ ಹೇಳಿದ. ನಂಬಿದೆ.

ಶಿವರಾತ್ರಿ ಕಳೆದ ಮೇಲಿನ ಭಾನುವಾರ, ಹಾಸನದ ದುದ್ದ ರಸ್ತೆಯ ಕಡೆ ರಾಗಿ ಕೊಯ್ದ ಹೊಲವೊಂದಕ್ಕೆ ಹೋದೆವು. ಮೊದಲ ಎರಡು ಹಾರಾಟ ಚೆನ್ನಾಗಿಯೇ ಆಯಿತು. ಬಿಸಿಲೇರಿತೆಂದು ವಿಮಾನವನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಊಟ ಮುಗಿಸಿ ಬಂದು ಮತ್ತೆ ಏರಿಸಿದೆವು. ಥ್ರಾಟಲ್ ಪೂರ್ತಿ ಕೊಟ್ಟು ಮೇಲೇರುತ್ತಿದ್ದಾಗ ಮೂತಿಯೇ ಕಿತ್ತು ಬಂತು. ‘ಮಾವ, ಮೋಟಾರು!’ ಎಂದು ಹುಡುಗ ಕೂಗಿದ. ಅದು ಪ್ರೊಪೆಲ್ಲರ್ ಸಮೇತ ಅವನಿಂದ ಹತ್ತಡಿ ದೂರದ ಬದುವಿನ ಮೇಲೆ ಬಂದು ಬಿತ್ತು. ಮುಂದಿನ ಭಾರ ಹೋದ ವಿಮಾನದ ಬಾಲ ಜಗ್ಗುತ್ತದೆ, ಮೂತಿ ಮೇಲೇಳುತ್ತದೆ, ರೆಕ್ಕೆಗೆ ಗಾಳಿಯ ಆಸರೆ ತಪ್ಪುತ್ತದೆ. ಆಮೇಲೆ ಕೈಯಲ್ಲಿ ರಿಮೋಟ್ ಇದ್ದೂ ಇಲ್ಲದಂತೆ. ಗಿರಗಿರನೆ ಸುತ್ತುತ್ತಾ ಬೇಲಿಯಾಚೆ ಬಿತ್ತು. ವಿಮಾನ ಹೋದದ್ದಕ್ಕೆ ನನಗೆ ದುಃಖವಿಲ್ಲ. ಆ ಹತ್ತಡಿಯನ್ನು ನೆನೆದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಅಕ್ಕನಿಗೆ ಏನೆಂದು ಮುಖ ತೋರಿಸುತ್ತಿದ್ದೆ?

ಮನೆಗೆ ತಂದು ನೋಡಿದೆ. ಮೋಟಾರನ್ನು ಕೂರಿಸುವ ಪ್ಲೈವುಡ್ ಬಿಲ್ಲೆಗೆ ಫೈರ್‌ವಾಲ್ ಎನ್ನುತ್ತಾರೆ. ವಿಮಾನವನ್ನು ಎಳೆಯುವ ಬಲವೆಲ್ಲ ಅದರ ಮೇಲೆಯೇ ಬೀಳುವುದು. ಸರಿಯಾಗಿ ಅಂಟಿಸಿದ್ದರೆ ಕಿತ್ತ ಜಾಗದಲ್ಲಿ ಮರದ ಸಿಬಿರು ಎದ್ದಿರಬೇಕು. ಇಲ್ಲಿ ಮರ ಹೊಸದರಂತೆ ನುಣ್ಣಗಿತ್ತು. ಎರಡು ಮೂಲೆಗಳಲ್ಲಿ ಮಾತ್ರ ಕಡಲೆಕಾಳಿನಷ್ಟು ಗ್ಲೂ ಗನ್ ಅಂಟು, ಉಳಿದೆರಡು ಮೂಲೆ ಖಾಲಿ. ಆ ಅಂಟು ಕಾವಿಗೆ ಮೆತ್ತಗಾಗುವಂಥದ್ದು. ಮುಚ್ಚಿದ ಕಾರಿನೊಳಗಿನ ಸೆಕೆ ಅದಕ್ಕೆ ಸಾಕಾಯಿತು. ಇಂಥಲ್ಲಿ ಎರಡು ಭಾಗ ಬೆರೆಸಿ ಹಚ್ಚುವ, ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಅಂಟನ್ನೇ ಹಚ್ಚಬೇಕು. ಮೂತಿಯನ್ನು ಏರಿಸಿ ಇಳಿಸುವ ಬಾಲದ ಪಟ್ಟಿ, ಅಂದರೆ ಎಲಿವೇಟರನ್ನು ಮೆಲ್ಲಗೆ ಎಳೆದರೆ ಅದರ ಒಂದು ಕೀಲೂ ಕೈಗೇ ಬಂತು.

ಮಾರಾಟಗಾರ ‘ನೀವು ಹಾರಿಸಿದ್ದೇ ಸರಿಯಿಲ್ಲ’ ಎಂದ. ಫೋಟೋ ಕಳುಹಿಸಿದ ಮೇಲೆ ಫೋನ್ ಎತ್ತಲಿಲ್ಲ.

ಬೇಸಿಗೆ ರಜೆಯಲ್ಲಿ ಹುಡುಗನ ಆಸೆಯಂತೆಯೇ ಕಟ್ಟಿದೆವು. ಹಳೆಯ ಸರ್ವೊ, ರಿಸೀವರ್ ಉಳಿದಿದ್ದವು. ಮೋಟಾರಿನ ದಂಡ ಬಾಗಿದ್ದರಿಂದ ಹೊಸದು ತಂದೆವು. ಒಂದೂವರೆ ತಿಂಗಳು ಹಿಡಿಯಿತು. ಎಲ್ಲಿ ಯಾವ ಅಂಟಿದೆ ಎಂಬುದು ಈಗ ಅವನಿಗೆ ಬಾಯಿಪಾಠ. ಸಿದ್ಧ ವಿಮಾನ ಬೇಡವೇ ಬೇಡ ಎನ್ನುತ್ತಿಲ್ಲ. ಕಲಿಯುವವರಿಗೆ ಫೋಮಿನ ವಿಮಾನ ಒಳ್ಳೆಯದೇ, ಬಿದ್ದರೂ ಸುಲಭವಾಗಿ ರಿಪೇರಿಯಾಗುತ್ತದೆ. ಆದರೆ ‘ಸಿದ್ಧ’ ಎಂದರೆ ಯಾರೋ ಅಂಟಿಸಿದ್ದಾರೆ ಎಂದಷ್ಟೇ ಅರ್ಥ.

ನಿಮ್ಮ ಮನೆಯಲ್ಲಿ ಅಂಥದ್ದು ಈಗಾಗಲೇ ಇದ್ದರೆ ಮೊದಲು ಪ್ರೊಪೆಲ್ಲರ್ ಕಳಚಿಡಿ. ಪ್ರತಿಯೊಂದು ಕೀಲನ್ನೂ ಎಳೆದು ನೋಡಿ. ಮೂತಿಯ ಕವಚ ತೆಗೆದು, ಟಾರ್ಚ್ ಹಿಡಿದು, ಫೈರ್‌ವಾಲ್ ಸುತ್ತಲಿನ ಅಂಟನ್ನು ಉಗುರಿನಿಂದ ಒತ್ತಿ. ಗುಳಿ ಬಿದ್ದರೆ ಹಾರಿಸಬೇಡಿ.