ವಿಕಿಮೀಡಿಯ ಕಾಮನ್ಸ್ ಫೋಟೋ ಸ್ಪರ್ಧೆಗಳು: ಕೆಲವು ವರ್ಷ ಬಳಸಿದ ಮೇಲೆ

ಫೋಟೋ ಹುಚ್ಚು ಇರುವವರಿಗೆ ನಮ್ಮಲ್ಲಿ ಸ್ಪರ್ಧೆಗಳಿಗೇನೂ ಬರ ಇಲ್ಲ. ಸಲೂನ್ ಅನ್ನುವ ಫೋಟೋ ಪ್ರದರ್ಶನ-ಸ್ಪರ್ಧೆಗಳಿವೆ. ಅಲ್ಲಿ ಎಂಟ್ರಿ ಫೀಸು ಕಟ್ಟಿ, ನೇಚರ್, ಟ್ರಾವೆಲ್, ಮಾನೋಕ್ರೋಮ್ ಅಂತ ವಿಭಾಗ ನೋಡಿ ಚಿತ್ರ ಕಳಿಸಬೇಕು. ಅಕ್ಸೆಪ್ಟೆನ್ಸ್‌ಗಳು, ಅಂದರೆ ಆಯ್ಕೆಯಾದ ಚಿತ್ರಗಳು, ಸೇರಿ ಸೇರಿ ಒಂದು ದಿನ ಹೆಸರಿನ ಜೊತೆ ಎಎಫ್‌ಐಎಪಿ ಅಂತ ಅಂತರರಾಷ್ಟ್ರೀಯ ಫೋಟೋ ಒಕ್ಕೂಟದ ಬಿರುದು ಹಾಕಿಕೊಳ್ಳಬಹುದು. ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥ ದೊಡ್ಡವರು ನಡೆದ ದಾರಿ ಅದು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಇನ್ನೊಂದು ಕಡೆ ‘ಲೈಕ್ ಮಾಡಿ, ಹತ್ತು ಜನಕ್ಕೆ ಕಳಿಸಿ’ ಅನ್ನುವ ಮೊಬೈಲ್ ಅಂಗಡಿ ಸ್ಪರ್ಧೆಗಳು. ಅವುಗಳ ಬಗ್ಗೆ ಹೇಳೋಕೇನೂ ಇಲ್ಲ.

ನಾನು ಕೆಲವು ವರ್ಷಗಳಿಂದ ಅಂಟಿಕೊಂಡಿರುವುದು ಇವೆರಡೂ ಅಲ್ಲದ ಒಂದಕ್ಕೆ, ವಿಕಿಮೀಡಿಯ ಕಾಮನ್ಸ್‌ನ ಸ್ಪರ್ಧೆಗಳಿಗೆ. ವಿಕಿಪೀಡಿಯದಲ್ಲಿ ನೀವು ನೋಡುವ ಚಿತ್ರಗಳಲ್ಲಿ ಬಹುಪಾಲು ಇರುವುದು ಕಾಮನ್ಸ್‌ನಲ್ಲೇ. 2004ರಲ್ಲಿ ಶುರುವಾದ ಜಾಗ. ಫೀಸಿಲ್ಲ, ಜಾಹೀರಾತಿಲ್ಲ. ಕ್ಯಾಮೆರಾ ಯಾವುದಾದರೂ ನಡೆಯುತ್ತದೆ. ನನ್ನದು ಹಳೇ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ ಕಿಟ್ ಲೆನ್ಸು, ಮತ್ತೆ ಜೇಬಿನಲ್ಲಿರುವ ಫೋನು.

ತಿಂಗಳು ತಿಂಗಳು ನಡೆಯುವ ಫೋಟೋ ಚಾಲೆಂಜ್ ಒಂದಿದೆ. ಸಾಮಾನ್ಯವಾಗಿ ತಿಂಗಳಿಗೆ ಎರಡು ವಿಷಯ ಕೊಡುತ್ತಾರೆ. ಬಾಗಿಲು, ಸೇತುವೆ, ನೆರಳು, ಇಂಥವು. ಒಂದು ವಿಷಯಕ್ಕೆ ಒಬ್ಬರು ನಾಲ್ಕು ಚಿತ್ರದವರೆಗೆ ಹಾಕಬಹುದು. ಚಿತ್ರ ನಿಮ್ಮದೇ ಆಗಿರಬೇಕು, ಆ ತಿಂಗಳಲ್ಲೇ ಕಾಮನ್ಸ್‌ಗೆ ಏರಿಸಿರಬೇಕು. ತಿಂಗಳು ಮುಗಿದ ಮೇಲೆ ಮತದಾನ. ಮತ ಹಾಕುವವರು ತಮಗೆ ಹಿಡಿಸಿದ ಮೂರು ಚಿತ್ರಕ್ಕೆ 3, 2, 1 ಅಂತ ಅಂಕ ಕೊಡುತ್ತಾರೆ. ಗೆದ್ದರೆ ದುಡ್ಡಿಲ್ಲ, ಹೆಸರು ಒಂದು ಪುಟದಲ್ಲಿ ಬರುತ್ತದೆ, ಅಷ್ಟೇ. ಗಡುವಿನಲ್ಲಿ ಮಾತ್ರ ನಮಗೊಂದು ಅನುಕೂಲ. ಕಾಮನ್ಸ್‌ನ ಗಡಿಯಾರ ಯುಟಿಸಿ ಲೆಕ್ಕದ್ದು. ಅಲ್ಲಿ ಮಧ್ಯರಾತ್ರಿ ಅಂದರೆ ನಮಗೆ ಬೆಳಗಿನ ಜಾವ ಐದೂವರೆ. ಕೊನೇ ದಿನ ಊಟ ಮುಗಿಸಿ ನಿಧಾನಕ್ಕೆ ಚಿತ್ರ ಆರಿಸಬಹುದು.

ನನಗೆ ಸಪ್ಪೆ ವಿಷಯಗಳೇ ಜಾಸ್ತಿ ಇಷ್ಟ. ಸೂರ್ಯಾಸ್ತ ಎಲ್ಲರ ಹತ್ತಿರವೂ ಇರುತ್ತದೆ. ಬಾಗಿಲು ಅಂದಾಗ ಹುಡುಕಾಟ ಶುರು. ನಮ್ಮ ಹಾಸನದ ಸುತ್ತ ಅಲ್ಲೊಂದು ಇಲ್ಲೊಂದು ತೊಟ್ಟಿಮನೆ ಇನ್ನೂ ಉಳಿದಿದೆ. ಹೊರಗಿನಿಂದ ತೆಗೆದರೆ ಬಾಗಿಲು ಬರೀ ಹಲಗೆಯಾಗಿ ಕಾಣುತ್ತದೆ. ಬೆಳಿಗ್ಗೆ ಹನ್ನೊಂದರ ಬಿಸಿಲು ತೊಟ್ಟಿಗೆ ಬಿದ್ದು ಅಲ್ಲಿಂದ ಪಡಸಾಲೆಗೆ ಚೆಲ್ಲುತ್ತದಲ್ಲ, ಆ ಹೊತ್ತಿಗೆ ಒಳಗಡೆಯಿಂದ ನಿಂತು ತೆಗೆಯಬೇಕು. ಕೆತ್ತನೆ ಆಗ ಎದ್ದು ಬರುತ್ತದೆ. ಇದಕ್ಕೆ ಮನೆಯವರು ಒಪ್ಪಬೇಕು, ಒಪ್ಪಿದರೆ ಕಾಫಿ ಕುಡಿಯಬೇಕು, ಕಾಫಿ ಮುಗಿಯುವವರೆಗೆ ಆ ಬಾಗಿಲಿನ ಕಥೆ ಕೇಳಬೇಕು. ಮರ ಎಲ್ಲಿಂದ ತಂದದ್ದು, ಅಗಳಿ ಯಾವಾಗ ಮುರಿಯಿತು, ಹೊಸ್ತಿಲು ಯಾಕೆ ಅಷ್ಟು ಎತ್ತರ. ಚಿತ್ರದ ಕೆಳಗೆ ಬರೆಯಬೇಕಾದ ವಿವರ ಎಲ್ಲ ಅಲ್ಲೇ ಸಿಕ್ಕಿಬಿಡುತ್ತದೆ. ವಿವರವನ್ನು ಕನ್ನಡದಲ್ಲೇ ಬರೆಯಬಹುದು, ಬರೆಯಿರಿ. ಕನ್ನಡದಲ್ಲಿ ಹುಡುಕುವವರಿಗೆ ಅದೇ ದಾರಿ.

ನೆರಳು ಅನ್ನುವ ವಿಷಯಕ್ಕೆ ಹಂಪಿಗಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ವಿರೂಪಾಕ್ಷ ದೇವಸ್ಥಾನದ ಹಿಂಭಾಗದಲ್ಲಿ ಗೋಡೆಯ ಮೇಲೆ ರಾಜಗೋಪುರದ ಬಿಂಬ ತಲೆಕೆಳಗಾಗಿ ಬೀಳುತ್ತದೆ. ಸಣ್ಣ ಕಿಂಡಿಯಿಂದ ಬೆಳಕು ಬಂದು ಆಗುವ ಕೆಲಸ. ಲೆನ್ಸೇ ಇಲ್ಲದ ಪಿನ್‌ಹೋಲ್ ಕ್ಯಾಮೆರಾದ ಒಳಗೆ ನಾವು ಕ್ಯಾಮೆರಾ ಹಿಡಿದು ನಿಂತಿರುತ್ತೇವೆ! ಫೋನಿನ ನೈಟ್ ಮೋಡ್‌ಗೆ ಇದು ಅರ್ಥವಾಗುವುದಿಲ್ಲ. ಕತ್ತಲೆಯನ್ನು ಹಗಲು ಮಾಡಿ ಬಿಂಬವನ್ನೇ ಅಳಿಸಿಬಿಡುತ್ತದೆ. ಎಕ್ಸ್‌ಪೋಷರ್ ಕೈಯಿಂದ ಇಳಿಸಬೇಕು. ಅದೂ ಹಿಂದೆ ನಿಂತವರು ‘ಬೇಗ ತೆಗೀರಿ ಸಾರ್’ ಅನ್ನುವಷ್ಟರಲ್ಲಿ.

ಮತದಾನದ ಬಗ್ಗೆ ನನಗೆ ತಕರಾರಿದೆ. ಪುಟದ ತುಂಬ ಸಣ್ಣ ಸಣ್ಣ ಚಿತ್ರಗಳ ಸಾಲು ಇರುತ್ತದೆ. ಬೆರಳಗಲದಲ್ಲಿ ಕಣ್ಣಿಗೆ ಹೊಡೆಯುವಂಥದ್ದೇ ಮೇಲೆ ಹೋಗುತ್ತದೆ. ಮಂಜಿನಲ್ಲಿ ಕೋಟೆ, ಮುಸ್ಸಂಜೆಯ ನೀಲಿಯಲ್ಲಿ ಸೇತುವೆ, ಡ್ರೋನಿನ ನೋಟ. ಯಾರೂ ಈವರೆಗೆ ತೆಗೆಯದ ವಸ್ತು ಅನ್ನುವ ಕಾರಣಕ್ಕೆ ಅಂಕ ಸಿಕ್ಕಿದ್ದು ನಾನು ನೋಡಿದ್ದು ಕಡಿಮೆ. ಜೊತೆಗೆ, ನಿಮ್ಮ ಚಿತ್ರ ಎಲ್ಲಿ ಹಿಂದೆ ಬಿತ್ತು ಅಂತ ಅಂಕದಲ್ಲಿ ಗೊತ್ತಾಗುವುದಿಲ್ಲ. ಅದು ಬೇಕಿದ್ದರೆ ಕಾಮನ್ಸ್‌ನಲ್ಲೇ ಇರುವ ‘ಕ್ವಾಲಿಟಿ ಇಮೇಜ್’ ವಿಭಾಗಕ್ಕೆ ಚಿತ್ರ ಕೊಡಿ. ಕನಿಷ್ಠ 2 ಮೆಗಾಪಿಕ್ಸೆಲ್ ಇರಬೇಕು, ಅದು ಈಗ ಯಾವ ಫೋನಿಗೂ ಕಷ್ಟ ಅಲ್ಲ. ಕಷ್ಟ ಇರುವುದು ಆಮೇಲೆ. ಗೋಪುರ ಹಿಂದಕ್ಕೆ ವಾಲಿದೆ, ಕೊಂಬೆಯ ಅಂಚಿನಲ್ಲಿ ನೇರಳೆ ಗೆರೆ ಇದೆ, ಆಕಾಶದಲ್ಲಿ ಸೆನ್ಸರ್ ಧೂಳಿನ ಚುಕ್ಕೆ ಇದೆ ಅಂತ ಪರಿಶೀಲಿಸುವವರು ಮುಖ ಮೋರೆ ನೋಡದೆ ಬರೆಯುತ್ತಾರೆ. ಮೊದಮೊದಲು ಉರಿಯುತ್ತದೆ. ನಾನು ಕಲಿತದ್ದೆಲ್ಲ ಅಲ್ಲೇ.

ವರ್ಷದ ದೊಡ್ಡ ಹಬ್ಬ ಸೆಪ್ಟೆಂಬರ್‌ನ ವಿಕಿ ಲವ್ಸ್ ಮಾನ್ಯುಮೆಂಟ್ಸ್, ಸ್ಮಾರಕಗಳ ಫೋಟೋ ಸ್ಪರ್ಧೆ. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾಯಿತು. ಮರುವರ್ಷ ಯುರೋಪಿನ 18 ದೇಶಗಳಿಂದ 1,68,208 ಚಿತ್ರ ಬಂದು ಗಿನ್ನೆಸ್ ದಾಖಲೆಯೂ ಆಯಿತು. ಭಾರತ ಸೇರಿದ್ದು 2012ರಲ್ಲಿ. ಎಲ್ಲ ದೇಶಗಳೂ ಪ್ರತಿ ವರ್ಷ ಸೇರುವುದಿಲ್ಲ, ಹಾಗಾಗಿ ಆಗಸ್ಟ್‌ನಲ್ಲೇ ದೇಶಗಳ ಪಟ್ಟಿ ನೋಡಿಕೊಳ್ಳಿ. ಇಲ್ಲಿ ಆರಿಸುವವರು ತೀರ್ಪುಗಾರರು. ದೇಶದಲ್ಲಿ ಗೆದ್ದ ಚಿತ್ರಗಳು ಅಂತರರಾಷ್ಟ್ರೀಯ ಸುತ್ತಿಗೆ ಹೋಗುತ್ತವೆ.

ಸೆಪ್ಟೆಂಬರ್‌ನಲ್ಲಿ ನಮ್ಮ ಕಡೆ ಮೋಡ ಇನ್ನೂ ಹೋಗಿರುವುದಿಲ್ಲ. ಸೆಲ್ಫಿಗೆ ಬೇಡದ ಹವೆ, ಹೊಯ್ಸಳರ ಕೆತ್ತನೆಗೆ ಬೇಕಾದ ಹವೆ. 1117ರ ಬೇಲೂರು ದೇವಸ್ಥಾನದಲ್ಲಿ ಮದನಿಕೆಯರು ಸೂರಿನ ಕೆಳಗೆ ಓರೆಯಾಗಿ ನಿಂತಿದ್ದಾರೆ. ಬಿಸಿಲಿನ ದಿನ ಹಿಂದಿನ ಆಕಾಶ ಬೆಳ್ಳಗೆ ಸುಟ್ಟುಹೋಗಿ ಮುಖ ಕಪ್ಪಾಗುತ್ತದೆ. ಮೋಡದ ದಿನ ಬಳಪದ ಕಲ್ಲಿನ ಬಳೆ, ಜಡೆ, ಬೆರಳು ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಕೆಳಗಿನ ಆನೆ ಸಾಲಿಗೆ ಮಾತ್ರ ಮೋಡ ಸಾಲದು, ಬೆಳಗಿನ ಓರೆ ಬಿಸಿಲೇ ಬೇಕು. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕಾಗುತ್ತದೆ. ಐಎಸ್‌ಒ ಏರಿಸಿಕೊಂಡು, ಮೊಣಕೈ ಎದೆಗೊತ್ತಿ, ಉಸಿರು ಹಿಡಿದು ತೆಗೆಯುವುದೇ ದಾರಿ.

ಆದರೆ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ, ಅಲ್ಲಿ ಕ್ಯಾಮೆರಾಗಳಿಗೆ ಕೊರತೆ ಇಲ್ಲ. ನಾನು ಹೇಳುವುದು, ಸ್ಪರ್ಧೆಯ ಸ್ಮಾರಕಗಳ ಪಟ್ಟಿಯನ್ನು ಕೆಳಗಿನಿಂದ ಓದಿ. ಕರ್ನಾಟಕದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳೇ 500ಕ್ಕೂ ಹೆಚ್ಚು. ಅವಕ್ಕೆ ‘ಎನ್-ಕೆಎ’ ಅಂತ ಶುರುವಾಗುವ ಕೋಡ್, ರಾಜ್ಯದವಕ್ಕೆ ‘ಎಸ್-ಕೆಎ’. ಚಿತ್ರ ಏರಿಸುವಾಗ ಆ ಕೋಡ್ ಹಾಕಬೇಕು. ಪಟ್ಟಿಯಲ್ಲಿ ಖಾಲಿ ಚೌಕ ಕಂಡರೆ ಅಲ್ಲಿಗೆ ಹೋಗಿ. ಬಸದಿ, ಶಾಸನ, ಗದ್ದೆ ಬದುವಿನಲ್ಲಿ ನಿಂತ ವೀರಗಲ್ಲು. ದಾರಿ ಕೇಳಿದರೆ ಅರ್ಧ ಊರು ಹಿಂದೆ ಬರುತ್ತದೆ. ಒಂದು ಕಡೆ ಯಜಮಾನರೊಬ್ಬರು ಅನುಮಾನದಿಂದಲೇ ಕೇಳಿದರು:

‘ಏನ್ ಸ್ವಾಮಿ, ನಿಧಿ ಗಿಧಿ ಹುಡುಕ್ತಿದೀರಾ?’

‘ಇಲ್ಲ ಯಜಮಾನ್ರೇ, ಸುಮ್ನೆ ಫೋಟೋಗೆ ಬಂದೆ.’

‘ಈಗ ಫೋಟೋ, ರಾತ್ರಿ ಹಾರೆ. ಹಂಗೇ ಅಲ್ವಾ ನೀವೆಲ್ಲ ಮಾಡೋದು?’

ನಿಧಿ ಆಸೆಗೆ ಕಲ್ಲು ಕಿತ್ತವರನ್ನು ಕಂಡ ಊರುಗಳಿವು, ಅವರ ಅನುಮಾನ ಸರಿಯೇ. ಫೋನಿನಲ್ಲಿ ಪಕ್ಕದೂರಿನ ವೀರಗಲ್ಲಿನ ಚಿತ್ರ ತೋರಿಸಿದೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಒಂದು ಕೊಡ ನೀರು ತರಿಸಿದರು. ‘ನೀರು ಹುಯ್ದು ತೆಗೀರಿ, ಅಕ್ಷರ ಕಾಣ್ತದೆ.’ ನಿಜವಾಗಿಯೂ ಕಂಡಿತು.

ಫೆಬ್ರುವರಿ, ಮಾರ್ಚ್‌ನಲ್ಲಿ ವಿಕಿ ಲವ್ಸ್ ಫೋಕ್‌ಲೋರ್ ಬರುತ್ತದೆ. 2019ರಲ್ಲಿ ವಿಕಿ ಲವ್ಸ್ ಲವ್ ಅಂತ ಶುರುವಾಗಿ ಆಮೇಲೆ ಜಾನಪದದ ಕಡೆ ಹೊರಳಿತು. ನಮಗೆ ಜಾತ್ರೆಯ ಕಾಲ ಅದೇ ಆದ್ದರಿಂದ ವಿಷಯ ಹುಡುಕಬೇಕಾಗಿಲ್ಲ. ತೇರು, ವೀರಗಾಸೆ, ಕಂಸಾಳೆ, ಸೋಮನ ಕುಣಿತ, ಯಕ್ಷಗಾನ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಕಲಾವಿದರ ಚಿತ್ರ ಈಗ ಎಲ್ಲರೂ ತೆಗೆಯುತ್ತಾರೆ. ನನಗೆ ಕಿರೀಟ ಕಟ್ಟುವ ಕೈ, ಮದ್ದಳೆಯ ತೊಗಲು ಬಿಗಿಮಾಡುವ ಕೈ ಮೇಲೆ ಕಣ್ಣು. ಭೂತಕೋಲಕ್ಕೆ ಹೋದರೆ ಮೊದಲು ಮನೆತನದವರನ್ನು ಕೇಳಿ. ಬೇಡ ಅಂದರೆ ಕ್ಯಾಮೆರಾ ಚೀಲದಲ್ಲೇ ಇರಲಿ. ಸ್ಪರ್ಧೆಯ ನಿಯಮದಲ್ಲಿ ಇದು ಇದೆಯೋ ಇಲ್ಲವೋ, ನನ್ನ ನಿಯಮದಲ್ಲಿ ಇದೆ.

ಈಗ ಸೇರುವ ಮೊದಲು ತಿಳಿದಿರಬೇಕಾದ ಮಾತು. ಇಲ್ಲಿ ಹೆಚ್ಚಿನವರು ಬಳಸುವ ಸಿಸಿ ಬೈ-ಎಸ್‌ಎ 4.0 ಲೈಸೆನ್ಸ್‌ನಲ್ಲಿ ಚಿತ್ರ ಬಿಟ್ಟರೆ ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ನಿಮ್ಮ ಹೆಸರು ಹಾಕಬೇಕು, ಬದಲಾಯಿಸಿ ಹಂಚಿದರೆ ಅದೇ ಲೈಸೆನ್ಸ್ ಇಡಬೇಕು, ಅಷ್ಟೇ ಷರತ್ತು. ಆಮೇಲೆ ಮನಸ್ಸು ಬದಲಾಯಿಸಿ ವಾಪಸ್ ಪಡೆಯೋಕಾಗುವುದಿಲ್ಲ. ನನ್ನ ಒಂದು ತೇರಿನ ಚಿತ್ರ ಗೋಡೆ ಕ್ಯಾಲೆಂಡರ್‌ನಲ್ಲಿ ಬಂತು, ಹೆಸರಿಲ್ಲದೆ. ಫೋನ್ ಮಾಡಿದರೆ ‘ಇಂಟರ್ನೆಟ್‌ನಲ್ಲಿತ್ತು ಸಾರ್’ ಅಂದರು. ಅಮ್ಮ ಮಾತ್ರ ಆ ಕ್ಯಾಲೆಂಡರ್ ತಂದು ಅಡುಗೆಮನೆಗೇ ಹಾಕಿದರು. ಮದುವೆ ಆಲ್ಬಂ, ಸ್ಟಾಕ್ ಫೋಟೋ ಅಂತ ಚಿತ್ರದಿಂದ ದುಡಿಯುವವರು ತಮ್ಮ ಒಳ್ಳೆಯ ಕೆಲಸವನ್ನು ಇಲ್ಲಿ ಹಾಕುವ ಮೊದಲು ಎರಡು ಸಲ ಯೋಚಿಸಲಿ.

ಇನ್ನೊಂದು, ಗೋಡೆ ಚಿತ್ರಗಳು. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಟ್ಟಡದ ಫೋಟೋ ತೆಗೆಯಬಹುದು, ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿರುವ ಪ್ರತಿಮೆಯ ಫೋಟೋನೂ ತೆಗೆಯಬಹುದು. ಗೋಡೆಗೆ ಬರೆದ ಹೊಸ ಪೇಂಟಿಂಗ್‌ಗೆ ಈ ವಿನಾಯಿತಿ ಇಲ್ಲ ಅಂತ ಕಾಮನ್ಸ್ ನೋಡುತ್ತದೆ. ಬೀದಿಯ ಬಣ್ಣದ ಗೋಡೆ ಎಷ್ಟೇ ಚೆನ್ನಾಗಿ ಬಂದಿರಲಿ, ಅಳಿಸಿಹಾಕುತ್ತಾರೆ. ಸಿನಿಮಾ ಪೋಸ್ಟರ್‌ಗೂ ಇದೇ ಗತಿ. ಚರ್ಚೆ ಎಲ್ಲ ಹೆಚ್ಚುಕಮ್ಮಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ಏರಿಸುವ ಪುಟದ ಗುಂಡಿಗಳು ಕನ್ನಡದಲ್ಲಿ ಬಂದರೂ ನಿಯಮದ ಪುಟಗಳಲ್ಲಿ ಬಹಳಷ್ಟು ಬಂದಿಲ್ಲ. ನಮ್ಮೂರಿನ ಸ್ಟುಡಿಯೋ ಹುಡುಗರನ್ನು ಸೇರಿಸೋಣ ಅಂದರೆ ಅಲ್ಲೇ ಮುಗ್ಗರಿಸುತ್ತಾರೆ, ಕೈಚಳಕ ನನಗಿಂತ ಜಾಸ್ತಿ ಇದ್ದರೂ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಇದಕ್ಕೇ.

ಸೇರುವುದಾದರೆ ಖಾತೆಯ ಹೆಸರು ಯೋಚಿಸಿ ಇಡಿ, ಮುಂದೆ ಚಿತ್ರದ ಕೆಳಗೆ ಬರುವುದು ಅದೇ. ಫೈಲಿಗೆ ಕ್ಯಾಮೆರಾ ಕೊಟ್ಟ ನಂಬರ್ ಬಿಟ್ಟು ಊರು, ವಸ್ತು ಎರಡೂ ಇರುವ ಹೆಸರು ಕೊಡಿ. ಸ್ಮಾರಕದ ಚಿತ್ರದಲ್ಲಿ ಜಿಪಿಎಸ್ ಇರಲಿ, ಮುಂದೆ ಹೋಗುವವರಿಗೆ ದಾರಿ ಸಿಗುತ್ತದೆ. ಮನೆಯೊಳಗೆ ತೆಗೆದ ಚಿತ್ರವಾದರೆ ಏರಿಸುವ ಮೊದಲೇ ಜಿಪಿಎಸ್ ವಿವರ ಅಳಿಸಿಬಿಡಿ.