ಫೈಟರ್, ಬಾರ್ಬೇರಿಯನ್, ಮಾಂಕ್: ನಿಮಗೆ ಯಾವುದು ಒಗ್ಗುತ್ತದೆ?

ಹೊಡೆದಾಡುವ ಪಾತ್ರವೇ ಬೇಕು, ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವ, ಪಾತ್ರ ವಹಿಸಿ ದಾಳ ಉರುಳಿಸಿ ಆಡುವ ಆಟದ 2014ರ ನಿಯಮಗಳನ್ನು ಇಟ್ಟುಕೊಂಡು ಹೇಳುತ್ತೇನೆ.

ಏಟು ತಿಂದು ನಿಲ್ಲುವುದರಲ್ಲಿ ಬಾರ್ಬೇರಿಯನ್ ಮುಂದೆ. ಎಷ್ಟು ಏಟು ತಾಳುತ್ತಾನೆ ಅಂತ ತೀರ್ಮಾನಿಸುವ ಅವನ ಜೀವದ ದಾಳಕ್ಕೆ 12 ಮುಖ, ಫೈಟರ್‌ಗೆ 10, ಮಾಂಕ್‌ಗೆ 8. ರೇಜ್, ಅಂದರೆ ರೋಷ, ಬಂದಾಗ ಕತ್ತಿ, ಬಾಣ, ಗದೆಯ ಪೆಟ್ಟು ಅರ್ಧ ಮಾತ್ರ ತಾಗುತ್ತದೆ. ಆದರೆ ಶುರುವಿನಲ್ಲಿ ರೇಜ್ ಸಿಗುವುದು ಎರಡೇ ಸಲ. ಆಮೇಲೆ ಲಾಂಗ್ ರೆಸ್ಟ್ (ಆಟದೊಳಗಿನ ದೀರ್ಘ ವಿಶ್ರಾಂತಿ) ಮಾಡಲೇಬೇಕು. ಸುಮ್ನೆ ನಿಂತರೂ ರೇಜ್ ಇಳಿದುಹೋಗುತ್ತದೆ, ಹಾಗಾಗಿ ಹಿಂಜರಿಯುವವರಿಗೆ ಇದು ಒಗ್ಗಲ್ಲ.

ಫೈಟರ್ ಸಪ್ಪೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೊದಲ ಹಂತದಲ್ಲೇ (ಲೆವೆಲ್) ಬಿಲ್ಲು, ಗುರಾಣಿ, ಎರಡು ಕೈಯ ದೊಡ್ಡ ಕತ್ತಿ ಹೀಗೆ ಒಂದು ಶೈಲಿ ಆರಿಸಿಕೊಳ್ಳಬಹುದು. 11ನೇ ಹಂತಕ್ಕೆ ಒಂದೇ ಸರದಿಯಲ್ಲಿ ಮೂರು ಏಟು! ಅದೇ ಸರದಿಯಲ್ಲಿ ಇನ್ನೊಮ್ಮೆ ದಾಳಿ ಮಾಡಲು ಬಿಡುವ ಆಕ್ಷನ್ ಸರ್ಜ್ ಬಳಸಿದರೆ ಆರು. ಆ ಸರ್ಜ್ ಕೂಡ ಶಾರ್ಟ್ ರೆಸ್ಟ್‌ಗೇ (ಚಿಕ್ಕ ವಿಶ್ರಾಂತಿ) ವಾಪಸ್ ಬರುತ್ತದೆ. ದಿನಕ್ಕೆ ನಾಲ್ಕೈದು ಕಾಳಗ ಇಡುವ ಡಿಎಂ (ಆಟ ನಡೆಸುವವರು) ಸಿಕ್ಕರೆ ಇವನೇ ಸರಿ.

ಮಾಂಕ್‌ನಲ್ಲಿ ಲೆಕ್ಕ ಜಾಸ್ತಿ. ಅವನ ವಿಶೇಷ ಪಟ್ಟುಗಳಿಗೆ ಬೇಕಾದ ಶಕ್ತಿಯಾದ ಕಿ ಪಾಯಿಂಟ್ ಎಲ್ಲಿ ಖರ್ಚು ಮಾಡಬೇಕು ಅಂತ ಪ್ರತಿ ಸರದಿಯಲ್ಲೂ ಯೋಚಿಸಬೇಕು. ಓಡಾಡಿ ಹೊಡೆಯುವುದು, 5ನೇ ಹಂತದಿಂದ ಶತ್ರುವನ್ನು ಸ್ತಬ್ಧ ಮಾಡುವುದು ಇಷ್ಟವಾದರೆ ಹಿಡಿಯಿರಿ. ಗುಂಪಿನಲ್ಲಿ ಮುಂದೆ ನಿಲ್ಲಲು ಬೇರೆ ಯಾರೂ ಇಲ್ಲದಿದ್ದರೆ ಮಾತ್ರ ಬೇಡ.