ಫೀಸಿಲ್ಲದ ಎರಡು ಕಾರ್ಡು: ದುಬೈ ಟಿಕೆಟ್ಟಿಗೆ ಯಾವ್ದು ಒಳ್ಳೇದು?

ತಂಗಿ ದುಬೈಯಲ್ಲಿರುದು, ಹಾಗಾಗಿ ಕುಂಬಳೆಯ ನಮ್ಮ ಮನೆಯಿಂದ ವರ್ಷಕ್ಕೊಮ್ಮೆ ಯಾರಾದ್ರೂ ಅಲ್ಲಿಗೆ ಹೋಗ್ಲಿಕ್ಕುಂಟು, ಹೆಚ್ಚಾಗಿ ಬಜ್ಪೆಯಿಂದ, ರೇಟ್ ಕಮ್ಮಿ ಇದ್ರೆ ಕಣ್ಣೂರಿಂದ. ಟಿಕೆಟ್ ಖರ್ಚು ಸ್ವಲ್ಪ ಇಳಿಸುವ ಅಂತ ಸ್ಕೇಪಿಯಾ ಫೆಡರಲ್ ಮತ್ತೆ ಅಮೆಜಾನ್ ಪೇ ಐಸಿಐಸಿಐ ಅಂತ ಎರಡು ಕ್ರೆಡಿಟ್ ಕಾರ್ಡನ್ನೂ ಒಂದು ವರ್ಷ ಬಳಸಿ ನೋಡಿದೆ.

ಒಂದು ವಿಷಯ ಮೊದ್ಲೇ ಹೇಳ್ತೇನೆ, ಎರಡರಲ್ಲೂ ಬರುದು ನಿಜವಾದ ಏರ್‌ಲೈನ್ ಮೈಲ್ಸ್ (ವಿಮಾನ ಕಂಪೆನಿಯದ್ದೇ ಪಾಯಿಂಟ್) ಅಲ್ಲ. ಏರ್ ಇಂಡಿಯಾದ ಮಹಾರಾಜ ಕ್ಲಬ್ಬಿನಂಥ ಮೈಲ್ಸ್ ಖಾತೆಗೆ ಪಾಯಿಂಟ್ ಕಳಿಸ್ಲಿಕ್ಕಾಗುವ ಕಾರ್ಡುಗಳಿಗೆ ಹೆಚ್ಚಾಗಿ ವಾರ್ಷಿಕ ಫೀಸು ಉಂಟು, ನಮ್ಮಂಥ ಖರ್ಚಿಗೆ ಅದು ಹೊಂದುದಿಲ್ಲ.

ಸ್ಕೇಪಿಯಾದಲ್ಲಿ ನಾನು ತೆಗೊಂಡಾಗ 100 ರೂಪಾಯಿ ಖರ್ಚಿಗೆ 10 ಕಾಯಿನ್, 5 ಕಾಯಿನ್ನಿಗೆ 1 ರೂಪಾಯಿ. ಅಂದ್ರೆ ಕಾಸರಗೋಡಲ್ಲಿ ಬಟ್ಟೆ, ಮದ್ದು, ರೇಷನ್ ಅಂತ 10,000 ಆದ್ರೆ 200 ರೂಪಾಯಿ ಬಂತು. ಅಮೆಜಾನ್ ಕಾರ್ಡಲ್ಲಿ ಅದೇ ಅಂಗಡಿ ಖರ್ಚಿಗೆ 1 ಶೇಕಡ, 100 ರೂಪಾಯಿ ಅಷ್ಟೆ, ಆದ್ರೆ ಅಮೆಜಾನಲ್ಲೇ ಸಾಮಾನು ತರಿಸಿದ್ರೆ ಪ್ರೈಮ್ ಮೆಂಬರ್‌ಶಿಪ್ ಇದ್ದವರಿಗೆ 5, ಇಲ್ಲದವರಿಗೆ 3 ಶೇಕಡ. ಪೆಟ್ರೋಲಿಗೆ ಎರಡರಲ್ಲೂ ಕಾಯಿನ್, ಕ್ಯಾಶ್‌ಬ್ಯಾಕ್ ಎಂತ ಸಿಗ್ಲಿಕ್ಕಿಲ್ಲ.

ನಂಗೆ ದೊಡ್ಡ ವ್ಯತ್ಯಾಸ ಗೊತ್ತಾದದ್ದು ದುಬೈಯಲ್ಲೇ. ಮಗುವಿಗೆ ಬಟ್ಟೆ ತೆಗೊಂಡು 340 ದಿರ್ಹಂ ಸ್ಕೇಪಿಯಾದಲ್ಲಿ ಕೊಟ್ಟೆ, ಅದ್ರಲ್ಲಿ ಫಾರೆಕ್ಸ್ ಮಾರ್ಕಪ್ (ವಿದೇಶಿ ದುಡ್ಡಿನ ಖರ್ಚಿಗೆ ಬ್ಯಾಂಕಿನವರು ಹಾಕುವ ಹೆಚ್ಚಿನ ಚಾರ್ಜು) ಇಲ್ಲ, ಬೇರೆ ಎಷ್ಟೋ ಕಾರ್ಡಲ್ಲಿ 3.5 ಶೇಕಡವರೆಗೂ ಹಿಡೀತಾರೆ, ಅದ್ರ ಮೇಲೆ 18 ಶೇಕಡ ಜಿಎಸ್‌ಟಿ ಬೇರೆ. ಗಲ್ಫಿಗೆ ಹೋಗಿ ಬರುವವರು ಇದೊಂದಕ್ಕೇ ಆ ಕಾರ್ಡು ಇಟ್ಕೊಳ್ಬಹುದು.

ಆದ್ರೆ ಕಾಯಿನ್ ಸ್ಕೇಪಿಯಾದವರ ಆ್ಯಪಲ್ಲೇ ಖರ್ಚಾಗ್ಬೇಕು, ಟಿಕೆಟ್ ಅಥವಾ ರೂಮು ಹೀಗೆ ಪ್ರಯಾಣದ್ದಕ್ಕೆ ಮಾತ್ರ. ಅಮೆಜಾನಿದ್ದು ಅಮೆಜಾನ್ ಪೇ ಬ್ಯಾಲೆನ್ಸಿಗೆ (ಅವರ ಆ್ಯಪಿನ ವಾಲೆಟ್ಟಿಗೆ) ಬೀಳ್ತದೆ, ಅದ್ರಲ್ಲಿ ವಿಮಾನದ ಟಿಕೆಟ್ಟೂ ಆಗ್ತದೆ, ಕರೆಂಟ್ ಬಿಲ್ಲೂ ಕಟ್ಬಹುದು. ಟಿಕೆಟ್ ಎಲ್ಲೇ ತೆಗೊಳ್ಳಿ, ಅದೇ ವಿಮಾನಕ್ಕೆ ಏರ್‌ಲೈನಿನ ಸ್ವಂತ ಸೈಟಲ್ಲಿ ಎಷ್ಟುಂಟು, ಎಷ್ಟು ಕೆಜಿ ಬ್ಯಾಗೇಜ್ ಸೇರಿದೆ ಅಂತ ನೋಡಿಯೇ ತೆಗೊಳ್ಳಿ. ನಮ್ಮದು ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಅಂತ ಹೋಗುವಾಗ್ಲೇ ಬ್ಯಾಗ್ ತುಂಬಿರ್ತದೆ, ಬ್ಯಾಗೇಜಿಗೆ ಬೇರೆ ದುಡ್ಡು ಕೊಟ್ರೆ 200 ರೂಪಾಯಿ ಉಳಿಸಿದ್ದು ಎಲ್ಲಿಗೆ ಹೋಯ್ತು?

ಇದಕ್ಕಿಂತ ಮುಂಚೆ ಒಂದು ಬ್ಯಾಂಕಿನವರು ಫೋನಲ್ಲಿ ಫ್ರೀ ಫ್ರೀ ಅಂತ ಹೇಳಿ ಕಾರ್ಡು ಕೊಟ್ರು, ಎರಡನೇ ವರ್ಷ 499 ಮತ್ತೆ ಜಿಎಸ್‌ಟಿ ಸೇರಿ 589 ರೂಪಾಯಿ ಬಿಲ್ಲಿಗೆ ಹಾಕಿದ್ರು, ಫ್ರೀ ಇದ್ದದ್ದು ಮೊದ್ಲಿನ ವರ್ಷ ಮಾತ್ರ. ಲೈಫ್‌ಟೈಮ್ ಫ್ರೀ ಅಂತ ಬರವಣಿಗೆಯಲ್ಲಿ ಉಂಟಾ ನೋಡಿ ಮಾರಾಯ್ರೆ.

ನಾನೀಗ ಅಂಗಡಿಗೆ, ಗಲ್ಫಿಗೆ ಸ್ಕೇಪಿಯಾ, ಅಮೆಜಾನಿಗೆ ಅಮೆಜಾನಿನದ್ದೇ ಅಂತ ಇಟ್ಕೊಂಡಿದ್ದೇನೆ. ಮೇ ತಿಂಗಳಿಗೆ ಅಮ್ಮನಿಗೆ ಟಿಕೆಟ್ ಮಾಡ್ಲಿಕ್ಕುಂಟು, 9,000 ಕಾಯಿನ್ ಆಗಿದೆ, ಅದ್ರಲ್ಲಿ 1,800 ರೂಪಾಯಿ ಇಳೀತದೆ.